ಟಿಕಳಿ ಇಲ್ಲದ ಹಾಳೆ

ನಮ್ಮ ಸರ್ ಅವರ ಬಿಳಿ ಅಂಗಿಯ ಜೇಬಿನಲ್ಲಿ, ಎರಡು ಪೆನ್ನುಗಳ ಹಿಂದೆ, ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಕೆಂಪು ಟಿಕಳಿಯ ಒಂದು ಚೀಟಿ ಯಾವಾಗಲೂ ಇರುತ್ತಿತ್ತು. ಅಂಗಿ ತೊಳೆದು ತೊಳೆದು ತೆಳ್ಳಗಾಗಿದ್ದರಿಂದ ಅದು ಹೊರಗಿನಿಂದಲೇ ಕಾಣುತ್ತಿತ್ತು: ಸಾಲಾಗಿ ಕೆಂಪು ಚುಕ್ಕೆಗಳು, ನಡುನಡುವೆ ಕಿತ್ತ ಖಾಲಿ ಜಾಗ. ಆರಡಿ ಎತ್ತರ, ಗಿರಿಜಾ ಮೀಸೆ, ಕಾರಿಡಾರಿನ ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಯ ಹುಡುಗರು ಎದ್ದು ನಿಲ್ಲುವಂಥ ದನಿ. ಅಂಥ ಮನುಷ್ಯನ ಎದೆಯ ಮೇಲೆ ಟಿಕಳಿ! ಹೊಸದಾಗಿ ಸೇರಿದ ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗುತ್ತಿದ್ದರು. ನಾನೂ ನಕ್ಕವಳೇ. ಹದಿನೈದು ದಿನದಲ್ಲಿ ಆ ನಗು ನಿಂತಿತು.

ಟಿಕಳಿ ಇದ್ದದ್ದು ತಪ್ಪಿಗೆ. ನಾವು ಬರೆದ ಪ್ರೋಗ್ರಾಮನ್ನು ಹಾಳೆಯ ಮೇಲೆ ಪ್ರಿಂಟ್ ತೆಗೆದು ಕೊಟ್ಟರೆ ಸರ್ ಅದನ್ನು ಮನೆಗೆ ಒಯ್ದು, ಓದಿ, ಮರುದಿನ ತರುತ್ತಿದ್ದರು. ತಪ್ಪಿದ್ದ ಸಾಲಿನ ಮುಂದೆ ಒಂದು ಟಿಕಳಿ. ಅಷ್ಟೇ. ಒಂದಕ್ಷರ ಬರೆಯುತ್ತಿರಲಿಲ್ಲ. "ಏನ್ ತಪ್ಪಾಗ್ಯದ್ರಿ ಸರ್?" ಎಂದು ಕೇಳಿದರೆ ಉತ್ತರ ಎಂದೂ ಒಂದೇ:

"ನೋಡು, ಸಿಗ್ತದ."

ಸಿಗುವವರೆಗೆ ಟಿಕಳಿ ಕೀಳುವಂತಿಲ್ಲ. ಸಿಕ್ಕ ಮೇಲೆ, ತಪ್ಪು ಮಾಡಿದವರೇ ತಮ್ಮ ಕೈಯಿಂದ ಅದನ್ನು ಕಿತ್ತು ವಿಭಾಗದ ಕಬ್ಬಿಣದ ಅಲ್ಮಾರಿಯ ಬಾಗಿಲಿಗೆ ಅಂಟಿಸಬೇಕು. ಬೇರೆ ಯಾರೂ ಕೀಳಬಾರದು. ಸರ್ ಕೂಡ ಕೀಳಬಾರದು. ಅದು ಅವರೇ ಮಾಡಿದ ಕಾಯ್ದೆ. ಆ ಬಾಗಿಲು ನಾನು ಸೇರುವ ಹೊತ್ತಿಗೇ ಅರ್ಧ ಕೆಂಪಾಗಿತ್ತು. ಹಾಳೆಯ ಮೇಲೆ ಟಿಕಳಿ ಕಿತ್ತ ಜಾಗದಲ್ಲಿ ಅಂಟು ಉಳಿಯುತ್ತಿತ್ತು. ಮೊದಲು ಕಣ್ಣಿಗೆ ಕಾಣುತ್ತಿರಲಿಲ್ಲ, ಆಮೇಲೆ ನಮ್ಮ ಕಡೆಯ ಧೂಳು ಹಿಡಿದು ಬೂದು ಬಣ್ಣದ ದುಂಡು ಗುರುತಾಗುತ್ತಿತ್ತು. ನನ್ನ ಹಳೆಯ ಹಾಳೆಗಳ ತುಂಬ ಅಂಥ ಗುರುತುಗಳಿವೆ.

ಕೆಂಪು ಪೆನ್ನು ಯಾಕಾಗಬಾರದು ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ್ದ. "ಪೆನ್ನಿಲೆ ಬರದ್ರ ನಾ ಬರದದ್ದು ಓದ್ತಿ. ನಿಂದು ನೀ ಓದಬೇಕಲ್ಲ ತಮ್ಮಾ" ಎಂದಿದ್ದರು. ಟಿಕಳಿ ತರುವ ಕೆಲಸ ಅವರ ಮನೆಯವರದು. ಪೇಟೆಯ ಬಳೆ ಅಂಗಡಿಯವನು, "ಅಮ್ಮಾರ, ಮನ್ಯಾಗ ಎಷ್ಟು ಮಂದಿ ಹೆಣ್ಮಕ್ಕಳಿದ್ದಾರ್ರಿ?" ಎಂದು ಕೇಳಿಯೇಬಿಟ್ಟನಂತೆ. ಇದನ್ನು ಸರ್ ತಾವೇ ಹೇಳಿ ತಾವೇ ನಗುತ್ತಿದ್ದರು.

ಇನ್ನೊಂದು ಮಾತೂ ಅವರದೇ. ಟಿಕಳಿ ಇಲ್ಲದೆ ಮರಳಿ ಬಂದ ಹಾಳೆಯನ್ನು ನಾನು ಅನುಮಾನದಿಂದ ಎರಡೆರಡು ಸಲ ತಿರುವುತ್ತಿದ್ದಾಗ ಹೇಳಿದ್ದು: "ನಾ ಹಚ್ಚಿಲ್ಲ ಅಂದ್ರ ತಪ್ಪಿಲ್ಲ. ನೆಮ್ಮದಿಲೆ ಮಲ್ಕೊ ಹೋಗು."

ಹನ್ನೆರಡು ವರ್ಷ ಈ ಮಾತನ್ನು ನಂಬಿ ನೆಮ್ಮದಿಯಿಂದ ಮಲಗಿದೆ. ಈಗ ಅವರ ಮೇಲೆ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುವವರು ಸುಮ್ಮನೆ ಪುಟ ತಿರುವಲಿ.

ನನ್ನೂರು ಜೇವರ್ಗಿ ತಾಲ್ಲೂಕಿನ ನೆಲೋಗಿ. ಅಫಜಲಪುರದಲ್ಲಿ ಚಿಕ್ಕಮ್ಮನ ಮನೆ ಇತ್ತೆಂದು ಅಲ್ಲಿಯ ಕಾಲೇಜಿಗೆ ಸೇರಿದೆ. ಖಾಸಗಿ ಕಾಲೇಜು. ಕಂಪ್ಯೂಟರ್ ವಿಭಾಗವೆಂದರೆ ಒಂದು ಕೋಣೆ, ಹದಿನಾಲ್ಕು ಯಂತ್ರ, ಅದರಲ್ಲಿ ಒಂಬತ್ತು ನಡೆಯುವಂಥವು. ಆ ಒಂಬತ್ತರಲ್ಲಿ ಸರ್ ಏನು ಕಲಿಸಿದರೋ ಅದನ್ನೇ ನಾನು ಇಂದಿಗೂ ಉಣ್ಣುತ್ತಿರುವುದು. ಕಲಬುರಗಿಯಲ್ಲಿ ಮುಂದೆ ಓದಿ, ಅದೇ ವಿಭಾಗಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ವರ್ಷಕ್ಕೊಮ್ಮೆ ಹೊಸ ಆದೇಶ. ಜೂನ್ ಬಂತೆಂದರೆ ಎದೆಯಲ್ಲಿ ಡವಡವ. ವಿಭಾಗದಲ್ಲಿ ಇದ್ದವರು ಇಬ್ಬರೇ, ಸರ್ ಮತ್ತು ನಾನು.

ಸರ್ ಅವರದು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ. ಅವರು ಚಿಕ್ಕವರಿದ್ದಾಗ, ಸುಗ್ಗಿ ಮುಗಿದ ಮೇಲೆ ಹೆಲವ ಬರುತ್ತಿದ್ದನಂತೆ. ಹೆಲವ ಅಂದರೆ ಊರಿನ ಮನೆತನಗಳ ವಂಶಾವಳಿ ಇಟ್ಟವನು. ಎತ್ತಿನ ಮೇಲೆ ಕೂತು ಬಂದು, ಕಟ್ಟೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಹೊತ್ತಿಗೆ ಬಿಚ್ಚಿ, ಮುತ್ತಜ್ಜನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನ ತನಕ ಗಡಗಡ ಹೇಳುವುದು, ಹೊಸ ಹೆಸರು ಬರೆದುಕೊಳ್ಳುವುದು, ಕಾಳು ತೆಗೆದುಕೊಂಡು ಹೋಗುವುದು. ನಾವು ಓದುವ ಪುಸ್ತಕಗಳಲ್ಲಿ 'ಕ್ಲಾಸ್' ಎಂಬ ಪಾಠ ಬಂದಾಗ ಸರ್ ಪುಸ್ತಕ ಮುಚ್ಚಿ ಈ ಹೆಲವನನ್ನು ಕರೆದು ತಂದು ಬೋರ್ಡಿನ ಮುಂದೆ ಕೂಡಿಸುತ್ತಿದ್ದರು.

ಅವರ ಜೀವ ಇದ್ದದ್ದು ಒಂದು ಕಂಪೈಲರಿನಲ್ಲಿ. ಕನ್ನಡದಲ್ಲೇ ಪ್ರೋಗ್ರಾಮ್ ಬರೆಯುವಂಥ ಒಂದು ಸಣ್ಣ ಭಾಷೆ, ಅದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ಕಂಪೈಲರ್. ಇಂಗ್ಲಿಷ್ ಕಂಡರೆ ಕೈಕಾಲು ತಣ್ಣಗಾಗುವ ನಮ್ಮ ಹುಡುಗರಿಗೆ ಇದು ದಾರಿ ಎಂದು ಅವರು ನಂಬಿದ್ದರು. ನನಗೂ ಆ ಹುಚ್ಚು ಹಿಡಿಸಿದರು.

ಮನುಷ್ಯ ಬರೆದದ್ದನ್ನು ಕಂಪೈಲರ್ ಒಂದೇ ಏಟಿಗೆ ಯಂತ್ರದ ಭಾಷೆಗೆ ತಿರುಗಿಸುವುದಿಲ್ಲ. ಮೊದಲು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿಕೊಳ್ಳುತ್ತದೆ: ಇವೆರಡನ್ನು ಕೂಡು, ಅದರಿಂದ ಇದನ್ನು ಕಳೆ, ಬಂದದ್ದನ್ನು ಅಲ್ಲಿಡು, ಇಲ್ಲಿಂದ ಅಲ್ಲಿಗೆ ಜಿಗಿ. ಇದು ನಡುವಿನ ರೂಪ. ಹೆಜ್ಜೆಗಳಲ್ಲಿ ಬಗೆಬಗೆ ಇವೆ. ಯಾವ ಬಗೆ ಯಾವುದರ ಮಗು, ಯಾವುದರ ಒಡಹುಟ್ಟು, ಅಪ್ಪನಿಂದ ಮಕ್ಕಳಿಗೆ ಯಾವ ಗುಣ ಇಳಿಯಬೇಕು ಎಂದು ಗೊತ್ತುಮಾಡಿ ಒಂದು ವಂಶವೃಕ್ಷ ಕಟ್ಟಬೇಕು. ಕ್ಲಾಸುಗಳನ್ನು ಹೊಂದಿಸುವುದೆಂದರೆ ಇದೇ. ಮರ ಸರಿಯಾಗಿ ಕಟ್ಟಿದರೆ ಮುಂದಿನ ಕೆಲಸ ನೀರು ಕುಡಿದಷ್ಟು ಸುಲಭ. ತಪ್ಪಿದರೆ ಕೊನೆಯ ತನಕ ಕಾಡುತ್ತದೆ.

ಎಲ್ಲಕ್ಕೂ ಮೇಲಿನ ಮೂಲದ ಕ್ಲಾಸಿಗೆ ಸರ್ 'ಅಜ್ಜ' ಎನ್ನುತ್ತಿದ್ದರು. ನಾನು ಹುರುಪಿನಿಂದ ಅದಕ್ಕೆ ಹತ್ತಾರು ಕೆಲಸ ಹಚ್ಚಿ ಒಯ್ದರೆ ತಲೆ ಅಲ್ಲಾಡಿಸುತ್ತಿದ್ದರು: "ಅಜ್ಜಗ ಇಷ್ಟು ಕೆಲಸ ಹಚ್ತಾರೇನು ತಂಗಿ? ಕೂಡ್ಲಿ ಬಿಡು ಅವ ಕಟ್ಟಿ ಮ್ಯಾಲ. ಹೆಸರು ಹೇಳಿದ್ರ ಸಾಕು."

ನನ್ನ ಮೊದಲ ಟಿಕಳಿ ನೆನಪಿದೆ. 'ಕಳೆ' ಎಂಬ ಹೆಜ್ಜೆಯನ್ನು ಬರೆದಿದ್ದೆ. 'ಕೂಡು' ಎಂಬುದಕ್ಕೂ ಎರಡು ಸಂಖ್ಯೆ ಬೇಕಲ್ಲ, ಎರಡೆರಡು ಸಲ ಯಾಕೆ ಬರೆಯಲಿ ಎಂದು 'ಕೂಡು'ವನ್ನು 'ಕಳೆ'ಯ ಮಗುವಾಗಿ ಮಾಡಿದೆ. ಪ್ರೋಗ್ರಾಮ್ ಸರಿಯಾಗಿಯೇ ನಡೆಯುತ್ತಿತ್ತು. ಆದರೂ ಟಿಕಳಿ ಬಂತು. ಎರಡು ದಿನ ಆ ಸಾಲನ್ನು ನೋಡಿದ್ದೇ ನೋಡಿದ್ದು. ಚಿಕ್ಕಮ್ಮ ರೊಟ್ಟಿ ಬಡಿಯುತ್ತ, "ಏನ್ ಬೇ, ಕಾಗದಕ್ಕ ದೃಷ್ಟಿ ತಗ್ಯಾಕತ್ತೀಯೇನ?" ಎಂದು ಕಾಡಿಸಿದಳು. ಮೂರನೆಯ ದಿನ ಹೊಳೆಯಿತು: ಕೂಡುವುದು ಕಳೆಯುವುದರ ಒಂದು ಬಗೆಯಲ್ಲ. ಅವೆರಡೂ ಅಕ್ಕತಂಗಿಯರು, ಮೇಲೆ ಬೇರೆ ತಾಯಿ ಬೇಕು. ಓಡಿ ಹೋಗಿ ಹೇಳಿದೆ. ಸರ್ ಅಲ್ಮಾರಿಯ ಕಡೆ ಕೈ ತೋರಿಸಿದರು. ಆ ಟಿಕಳಿಯನ್ನು ಬಾಗಿಲಿಗೆ ಅಂಟಿಸಿದಾಗ ಆದ ಸಂತೋಷ ಆಮೇಲೆ ಪದವಿ ಪ್ರಮಾಣಪತ್ರ ಹಿಡಿದಾಗಲೂ ಆಗಲಿಲ್ಲ.

ಇಷ್ಟು ಚೆನ್ನಾಗಿ ಕಲಿಸಿದ ಮನುಷ್ಯ. ಅದಕ್ಕೇ ಹೊಟ್ಟೆ ಉರಿಯುವುದು.

ಆರು ವರ್ಷದ ಹಿಂದಿನ ಮಾತು. ಸರ್ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಒಂದು ಮುಂಜಾನೆ ಅವರೇ ಪೇಪರಿನ ತುಂಡೊಂದನ್ನು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟರು. ಕಲಬುರಗಿಯ ಒಂದು ಸಂಸ್ಥೆ, ಜಿಲ್ಲೆಯ ಪಾಲಿಟೆಕ್ನಿಕ್ ಹುಡುಗರಿಗಾಗಿ ಕನ್ನಡದ ಕಂಪೈಲರ್ ಕಟ್ಟಿಸಲಿದೆ. ನಡುವಿನ ರೂಪದ ವಿನ್ಯಾಸ ತಂದು ತೋರಿಸಬೇಕು. ಯಾರದು ಒಪ್ಪಿಗೆಯಾಗುತ್ತದೋ ಅವರಿಗೇ ಆ ಕೆಲಸ, ಮೂರು ವರ್ಷದ ಗಟ್ಟಿ ಹುದ್ದೆ. ಜೂನಿನ ಡವಡವ ಇಲ್ಲ. ಎಲ್ಲಕ್ಕಿಂತ, ನಾವು ಅಫಜಲಪುರದ ಒಂದು ಕೋಣೆಯಲ್ಲಿ ಹುಚ್ಚರ ಹಾಗೆ ಕಟ್ಟುತ್ತಿದ್ದುದನ್ನು ಇಡೀ ಜಿಲ್ಲೆಯ ಹುಡುಗರು ಬಳಸುತ್ತಾರೆ.

"ಹಾಕು ತಂಗಿ" ಎಂದರು. "ನಿನ್ನ ಬಿಟ್ಟು ಯಾರದ ಆಗ್ತದ?"

ಇದು ಖರೆ. ಮೊದಲು ಅವರೇ ಹೇಳಿದ್ದು. ಅವರ ಪರವಾಗಿ ಹೇಳಬೇಕಾದದ್ದನ್ನು ಮುಚ್ಚಿಡುವುದಿಲ್ಲ.

ಹದಿನೈದು ದಿನ ಹಗಲೆಲ್ಲ ಕೂತು ಮರ ಕಟ್ಟಿದೆ. ಅಜ್ಜನ ಹೆಸರು 'ಹೆಜ್ಜೆ'. ಅವನ ಕೆಳಗೆ ಎರಡೇ ಮನೆ. ಉತ್ತರ ಕೊಡುವ ಹೆಜ್ಜೆಗಳದು ಒಂದು ಮನೆ: ಕೂಡು, ಕಳೆ, ಹೋಲಿಸು. ಉತ್ತರ ಕೊಡದವುಗಳದು ಇನ್ನೊಂದು: ಇಡು, ಜಿಗಿ, ಪರದೆಯ ಮೇಲೆ ತೋರಿಸು. ಅಚ್ಚುಕಟ್ಟು. ಈ ಎರಡು ಮನೆಯ ಮೇಲೆ ಒಂದು ಸ್ವಚ್ಛತೆಯ ನಿಯಮ: ಕೊಡುವ ಮನೆಯ ಯಾವುದೇ ಹೆಜ್ಜೆಯ ಉತ್ತರ ಮುಂದೆ ಯಾರಿಗೂ ಬೇಕಾಗದಿದ್ದರೆ ಆ ಹೆಜ್ಜೆಯನ್ನೇ ಅಳಿಸಿಬಿಡು. ಯಾರೂ ಕೇಳದ ಲೆಕ್ಕವನ್ನು ಯಂತ್ರ ಯಾಕೆ ಮಾಡಬೇಕು?

'ಕರೆ' ಎಂಬ ಒಂದು ಹೆಜ್ಜೆ ಮಾತ್ರ ತೊಡಕಾಯಿತು. ಅದರ ಕೆಲಸ ಪ್ರೋಗ್ರಾಮಿನ ಇನ್ನೊಂದು ತುಣುಕನ್ನು ಕರೆದು, 'ಇದನ್ನು ಮಾಡಿಕೊಂಡು ಬಾ' ಎನ್ನುವುದು. ಹೋದ ತುಣುಕು ಉತ್ತರ ತರುತ್ತದೆ, ಹಾದಿಯಲ್ಲಿ ಬೇರೆ ಕೆಲಸವನ್ನೂ ಮಾಡಬಹುದು. ಯಾವ ಮನೆಗೆ ಹಾಕಲಿ ಎಂದು ಸರ್ ಅವರನ್ನು ಕೇಳಿದೆ. ಅವರು ಆಗ ಪ್ರಶ್ನೆಪತ್ರಿಕೆ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ. "ಹೆಲವ ಒಬ್ಬರ ಹೆಸರು ಎರಡು ಮನ್ಯಾಗ ಬರಿಯಂಗಿಲ್ಲ. ಒಂದ ಮನ್ಯಾಗ ಬರಿ" ಎಂದರು. ಉತ್ತರ ತರುತ್ತದಲ್ಲ ಎಂದು ಕೊಡುವ ಮನೆಯಲ್ಲಿ ಬರೆದೆ. ಬೇರೆ ಊರಿನಲ್ಲಿ, ಬೇರೆ ಯಾರ ಕೈಯಲ್ಲಿ ಕಲಿತಿದ್ದರೂ ನಾನು ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ. ಹೆಲವನ ಹೊತ್ತಿಗೆಯನ್ನು ನಂಬಿ ಬೆಳೆದವಳು, ನಿಲ್ಲಲಿಲ್ಲ.

ಅದೇ ವಾರ ಆಡಳಿತ ಮಂಡಳಿಯವರು ಸರ್ ಅವರನ್ನು ಕರೆದು ಮಾತಾಡಿದ್ದರು. ಇಬ್ಬರಿಲ್ಲದೆ ವಿಭಾಗ ನಡೆಸಲು ಬರುವುದಿಲ್ಲ. ನಾನು ಹೋದರೆ ಕಂಪ್ಯೂಟರ್ ವಿಭಾಗ ಮುಚ್ಚಿ, ಸರ್ ಅವರನ್ನು ತಮ್ಮದೇ ಪಿಯು ಕಾಲೇಜಿಗೆ ಗಣಿತ ಹೇಳಲು ಕಳಿಸುತ್ತೇವೆ ಎಂದರಂತೆ. ಇದನ್ನು ನನಗೆ ಹೇಳಿದವನು ಜವಾನ. ನಾನು ಸರ್ ಅವರನ್ನು ಕೇಳಿದ್ದಕ್ಕೆ, "ಅದರ ಫಿಕರ್ ನಿನಗ್ಯಾಕ? ನೀ ನಿನ್ನ ಕೆಲಸ ನೋಡ್ಕೊ" ಎಂದು ನಕ್ಕರು.

ವಿನ್ಯಾಸದ ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಎಂದೂ ಮರುದಿನ ತರುವವರು ಈ ಸಲ ನಾಲ್ಕು ದಿನ ಇಟ್ಟುಕೊಂಡರು. ಹೊರಡುವ ಹಿಂದಿನ ಸಂಜೆ ಮರಳಿಸಿದರು. ನಾನು ನಿಂತ ಕಾಲ ಮೇಲೆ ಒಂದೊಂದೇ ಹಾಳೆ ತಿರುವಿ ನೋಡಿದೆ. ಒಂದೂ ಟಿಕಳಿ ಇರಲಿಲ್ಲ.

"ಒಂದೂ ಇಲ್ರಿ ಸರ್!" ಎಂದು ಸಣ್ಣ ಹುಡುಗಿಯ ಹಾಗೆ ಕೂಗಿದೆ.

"ಇಲ್ಲ" ಎಂದರು. ನನ್ನ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. "ಹೋಗಿ ಬಾ ತಂಗಿ."

ಕಣ್ಣಲ್ಲಿ ನೀರು ಬಂದಿರಬೇಕು, ಮಗಳನ್ನು ಕಳಿಸಿದ ಹಾಗೆ ಅನಿಸುತ್ತಿರಬೇಕು ಎಂದುಕೊಂಡೆ. ಕಾಲು ಮುಟ್ಟಿ ನಮಸ್ಕರಿಸಿದೆ. ಕೈ ಎತ್ತಿದರು.

ಕಲಬುರಗಿಯಲ್ಲಿ ಮೂವರು ಕೂತಿದ್ದರು. ಅರ್ಧ ಗಂಟೆ ಎಲ್ಲ ಚೆಂದ ನಡೆಯಿತು. ಎರಡು ಮನೆಯ ಮರ ಅವರಿಗೆ ಹಿಡಿಸಿತು ಅಂತ ಕಣ್ಣಲ್ಲೇ ಗೊತ್ತಾಗುತ್ತಿತ್ತು. ಆಗ ನಡುವೆ ಕೂತಿದ್ದ, ಬೆಂಗಳೂರು ಕಡೆಯ ಮಾತಿನ ಹಿರಿಯ ಹೆಂಗಸು, "ಒಂದು ಸಣ್ಣದು ನಾನು ಬರೆಯಲೇನಮ್ಮ?" ಎಂದು ನಮ್ಮ ಕಂಪೈಲರ್ ಇದ್ದ ನನ್ನ ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡರು. ಐದೇ ಸಾಲು. 'ವಂದಿಸು' ಎಂಬ ಒಂದು ತುಣುಕು. ಅದು ಪರದೆಯ ಮೇಲೆ 'ನಮಸ್ಕಾರ' ಎಂದು ತೋರಿಸಿ, ಅದರಲ್ಲಿ ಎಷ್ಟು ಅಕ್ಷರ ಇವೆ ಎಂಬ ಸಂಖ್ಯೆಯನ್ನು ಉತ್ತರವಾಗಿ ತರುತ್ತದೆ. ಕೊನೆಯ ಸಾಲಿನಲ್ಲಿ ಆ ತುಣುಕಿಗೆ ಕರೆ. ಬಂದ ಸಂಖ್ಯೆಯನ್ನು ಅವರು ಎಲ್ಲಿಯೂ ಬಳಸಲಿಲ್ಲ.

ನಡೆಸಿದರು. ಪರದೆ ಖಾಲಿ.

ಮತ್ತೆ ನಡೆಸಿದರು. ಖಾಲಿ.

"ನಮಸ್ಕಾರ ಎಲ್ಲಿ ಹೋಯ್ತಮ್ಮ?" ಎಂದು ಕೇಳಿದರು. ಕುಹಕದಿಂದಲ್ಲ, ಮೆತ್ತಗೆ.

ನನಗೆ ಒಂದು ಕ್ಷಣದಲ್ಲಿ ಎಲ್ಲ ಕಂಡಿತು. 'ಕರೆ' ಕೊಡುವ ಮನೆಯಲ್ಲಿತ್ತು. ಅದು ತಂದ ಉತ್ತರ ಯಾರಿಗೂ ಬೇಕಿರಲಿಲ್ಲ. ಸ್ವಚ್ಛತೆಯ ನಿಯಮ ಬಂದು ಇಡೀ ಕರೆಯನ್ನೇ ಗುಡಿಸಿ ಹಾಕಿತ್ತು, ಅದರ ಜತೆಗೆ ನಮಸ್ಕಾರವನ್ನೂ. ನಾವು ಅಫಜಲಪುರದಲ್ಲಿ ಬರೆದು ನೋಡಿದ ಪ್ರೋಗ್ರಾಮುಗಳಲ್ಲೆಲ್ಲ ಕರೆದ ತುಣುಕಿನ ಉತ್ತರವನ್ನು ಬಳಸುತ್ತಲೇ ಇದ್ದೆವು, ಅದಕ್ಕೇ ಈ ತಪ್ಪು ಎಂದೂ ಕಾಣಿಸಿರಲಿಲ್ಲ. ಏನಾದರೂ ಸಮಜಾಯಿಷಿ ಕೊಡಬೇಕೆಂದು ಆ ಹಾಳೆ ತೆಗೆಯಹೋದರೆ ಅದು ಮೇಲಿನ ಹಾಳೆಗೆ ಅಂಟಿಕೊಂಡಿತ್ತು. ಕೈ ಬೆವರಿಗೆ ಹೀಗಾಗಿದೆ ಎಂದು ಉಗುರಿನಿಂದ ಬಿಡಿಸಿದೆ. ಆಮೇಲೆ ಹಾಳೆಗಳನ್ನೆಲ್ಲ ಕೂಡಿಸಿ ಚೀಲಕ್ಕೆ ಹಾಕಿಕೊಂಡೆ.

ಹುದ್ದೆ ಬೀದರಿನ ಒಬ್ಬ ಹುಡುಗನಿಗೆ ಹೋಯಿತು. ಅವನ ಮರ ನನ್ನದರಷ್ಟು ಚೆಂದ ಇರಲಿಲ್ಲವಂತೆ, ಆದರೆ ನಮಸ್ಕಾರ ನುಂಗುತ್ತಿರಲಿಲ್ಲ.

ಆ ದಿನ ಮರಳುವ ಬಸ್ಸು ಚೌಡಾಪುರದಲ್ಲಿ ನಿಂತಾಗ ಕಿಟಕಿಯಿಂದ ನೋಡುತ್ತೇನೆ, ರಸ್ತೆ ಬದಿಯ ಚಹಾದಂಗಡಿಯ ಬೆಂಚಿನ ಮೇಲೆ ಸರ್ ಕೂತಿದ್ದಾರೆ. ಇಳಿದುಬಿಟ್ಟೆ. ಗಾಣಗಾಪುರಕ್ಕೆ ದರ್ಶನಕ್ಕೆ ಬಂದಿದ್ದೆ ಎಂದರು. ಗುಡಿಗೆ ಹೋಗುವ ಮನುಷ್ಯನೇ ಅಲ್ಲ. ನನ್ನ ಮುಖ ನೋಡಿ ಅವರು ಏನೂ ಕೇಳಲಿಲ್ಲ. ಎರಡು ಚಹಾ ಹೇಳಿದರು. ನಾನೇ ಎಲ್ಲ ಹೇಳಿದೆ, ನಮಸ್ಕಾರ ಎಲ್ಲಿ ಹೋಯಿತು ಎಂದು ಆ ಹೆಂಗಸು ಕೇಳಿದ್ದರ ತನಕ.

ಸರ್ ಚಹಾದ ಗ್ಲಾಸನ್ನು ಬೆಂಚಿನ ಮೇಲಿಟ್ಟರು. ಆಮೇಲೆ, "ನನಗೂ ಕಾಣ್ಲಿಲ್ಲ ತಂಗಿ" ಎಂದರು. "ನಾಲ್ಕು ದಿನ ನೋಡಿದೆ. ಖರೇನ ಕಾಣ್ಲಿಲ್ಲ."

ಆ ದೊಡ್ಡ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ದುಃಖ ಮರೆತು ಅವರನ್ನೇ ಸಮಾಧಾನ ಮಾಡಿದೆ. "ಇರ್ಲಿ ಬಿಡ್ರಿ ಸರ್. ಯಾರ ಕಣ್ಣಾದ್ರೂ ತಪ್ತದ. ನೀವು ಮನಸಿಗಿ ಹಚ್ಕೋಬ್ಯಾಡ್ರಿ" ಎಂದೆ. ವಯಸ್ಸಾಯಿತು, ಪಾಪ, ಕಣ್ಣು ಮೊದಲಿನ ಹಾಗಿಲ್ಲ ಎಂದು ಮರುಗಿದೆ. ಚಹಾಕ್ಕೆ ಬನ್ನು ತರಿಸಿ ಬಲವಂತ ಮಾಡಿ ತಿನ್ನಿಸಿದೆ. ಇದನ್ನು ನೆನೆದರೆ ಈಗ ಮೈ ಪರಚಿಕೊಳ್ಳುವಂತಾಗುತ್ತದೆ.

ಜೂನಿನಲ್ಲಿ ನನ್ನ ಆದೇಶ ಎಂದಿಗಿಂತ ಬೇಗ ಬಂತು. ಸರ್ ಖುದ್ದಾಗಿ ಓಡಾಡಿದ್ದರು. ವಿಭಾಗ ಉಳಿಯಿತು. ಆ ಹಾಳೆಗಳ ಮುಖ ನೋಡಲಾಗದೆ ನನ್ನ ಕೋಣೆಯ ಗೋಡೆಯ ಮಾಡದಲ್ಲಿ, ಹಳೆಯ ಹಾಳೆಗಳ ಜತೆ ಎಸೆದಿದ್ದೆ, ಅಲ್ಲಿ ಅವು ಹಾಗೇ ಬಿದ್ದವು. ಮುಂದಿನ ಬೇಸಿಗೆಯಲ್ಲಿ ಮರವನ್ನು ಹೊಸದಾಗಿ ಕಟ್ಟಿದೆ. ಉತ್ತರ ಕೊಡುತ್ತದೆಯೇ ಎಂಬುದು ಒಂದು ಪ್ರಶ್ನೆ, ಹೊರಗಿನ ಲೋಕದಲ್ಲಿ ಏನನ್ನಾದರೂ ಬದಲಿಸುತ್ತದೆಯೇ ಎಂಬುದು ಇನ್ನೊಂದು. ಆ ಪ್ರಶ್ನೆಗಳ ಮೇಲೆ ಮನೆ ಪಾಲು ಮಾಡಬಾರದು. ಪ್ರತಿ ಹೆಜ್ಜೆಯನ್ನೂ ನಿಲ್ಲಿಸಿ ಎರಡನ್ನೂ ಕೇಳಬೇಕು. ಉತ್ತರ ಯಾರಿಗೂ ಬೇಡವಾದರೂ, ಹೊರಗೆ ಕೆಲಸ ಮಾಡಿದ ಹೆಜ್ಜೆಯನ್ನು ಅಳಿಸಬಾರದು. ಸರ್ ಅದನ್ನು ಓದಿ, "ಈಗ ಬರೋಬರಿ ಆತು" ಎಂದರು. ನಮ್ಮ ಹುಡುಗರು ಇಂದಿಗೂ ಆ ಕಂಪೈಲರನ್ನೇ ಬಳಸುತ್ತಾರೆ. ಅಫಜಲಪುರದ ಹೊರಗೆ ಅದರ ಹೆಸರು ಯಾರಿಗೂ ಗೊತ್ತಿಲ್ಲ.

ನಿವೃತ್ತಿಯಾದ ಮೇಲೆ ಸರ್ ಮಾದನಹಿಪ್ಪರಗಾಕ್ಕೆ ಹೋದರು. ಹೋದ ವರ್ಷ, ಎದೆನೋವು ಎಂದು ಆಳಂದಕ್ಕೆ ಒಯ್ಯುವ ದಾರಿಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಮರುದಿನ ಹೋದೆ. ಹೆತ್ತ ತಂದೆಗೂ ಅಷ್ಟು ಅತ್ತಿರಲಿಲ್ಲ. ಅವರ ಮನೆಯವರು ನನ್ನನ್ನು ಹತ್ತಿರ ಕೂಡಿಸಿಕೊಂಡು ಬೆನ್ನು ಸವರಿದರು.

"ನಿಮ್ಮ ಮ್ಯಾಲ ಭಾಳ ಜೀವ ಇತ್ತವ್ವಾ ಅವರಿಗಿ" ಎಂದರು. "ನೀವು ಕಲಬುರ್ಗಿಗಿ ಹೋಗೂ ಮುಂದ ನಾಲ್ಕು ದಿನ ತುತ್ತು ಬಾಯಿಗಿ ಇಡ್ಲಿಲ್ಲ. ನಿಮ್ಮ ಕಾಗದ ತಗೀತಿದ್ರು, ಇಡ್ತಿದ್ರು, ಮತ್ತ ತಗೀತಿದ್ರು. ಆಕಿ ಹೋದ್ರ ವಿಭಾಗ ಮುಚ್ತದ, ನಾ ಏನ್ ಮಾಡ್ಲಿ ಅಂತಿದ್ರು. ಕಡೀ ದಿನ ಏನ್ ಅನಿಸ್ತೋ ಏನೋ, ಎದ್ದು ಅಂಗಳದಾಗ ಹೋಗಿ ಕೂತ್ರು."

ನಾನು ಇನ್ನಷ್ಟು ಅತ್ತೆ. ಇಷ್ಟು ಸಂಕಟ ಇಟ್ಟುಕೊಂಡೂ ನನ್ನನ್ನು ಕಳಿಸಿಕೊಟ್ಟರಲ್ಲ ಎಂದು. ಹೊರಡುವಾಗ ಅವರು ಒಳಗಿನಿಂದ ಒಂದು ಟಿಕಳಿ ಚೀಟಿ ತಂದು ನನ್ನ ಕೈಗಿಟ್ಟರು. ಅರ್ಧ ಉಳಿದಿತ್ತು. "ನಾ ಇನ್ನ ಇದನ್ನ ಏನ್ ಮಾಡ್ಲಿ? ನಿಮ್ಮ ಸರ್ದು, ನೀವ ಇಟ್ಕೊರಿ" ಎಂದರು.

ಈ ತಿಂಗಳು ಹಳೆಯ ವಿದ್ಯಾರ್ಥಿಗಳು ಸರ್ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರೆ. ಆಳಂದದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿರುವ ಒಬ್ಬ ಹುಡುಗ, ನನ್ನ ಜತೆ ಓದಿದವನು, ಅದರ ಸಂಪಾದಕ. ಮೊದಲ ಲೇಖನ ನಾನೇ ಬರೆಯಬೇಕೆಂದ. ಬರೆದೆ. ಟಿಕಳಿಯ ಕತೆಯನ್ನೆಲ್ಲ ಬರೆದು, 'ತಪ್ಪು ಕಂಡು ಸುಮ್ಮನಿದ್ದವರಲ್ಲ ನಮ್ಮ ಸರ್' ಎಂದು ಮುಗಿಸಿದೆ. ಟಿಕಳಿಯ ಗುರುತಿರುವ ಒಂದು ಹಾಳೆಯ ಫೋಟೋ ಇದ್ದರೆ ಚೆನ್ನ ಎಂದು ಅವನು ಕೇಳಿದ. ಮಾಡದಲ್ಲಿದ್ದ ಕಟ್ಟನ್ನು ಕೆಳಗಿಳಿಸಿ, ಧೂಳು ಕೊಡವಿ, ಒಂದೊಂದೇ ಹಾಳೆ ನೋಡುತ್ತ ಹೋದೆ.

ಕಲಬುರಗಿಗೆ ಒಯ್ದಿದ್ದ ಹಾಳೆ ಕೈಗೆ ಬಂತು. ಎರಡು ಮನೆಯ ಮರ. 'ಕರೆ' ಎಂದು ಬರೆದ ಸಾಲಿನ ಮುಂದೆ, ಬೂದು ಬಣ್ಣದ, ಟಿಕಳಿಯಷ್ಟೇ ದುಂಡನೆಯ ಗುರುತು.

ಮೊದಲು ನಂಬಲಿಲ್ಲ. ನಾನೇ ಎಂದೋ ಕಿತ್ತಿರಬೇಕು ಎಂದುಕೊಂಡೆ. ಆದರೆ ಆ ಹಾಳೆಯಲ್ಲಿ ಒಂದೂ ಟಿಕಳಿ ಇರಲಿಲ್ಲ ಎಂದು ಕುಣಿದವಳು ನಾನೇ ಅಲ್ಲವೇ. ಬೇರೆ ಹಾಳೆಗಳ ಗುರುತಿನ ಪಕ್ಕ ಇಟ್ಟು ನೋಡಿದೆ. ಅದೇ ಅಳತೆ, ಅದೇ ಬಣ್ಣ. ಬೆರಳಿನಿಂದ ಮುಟ್ಟಿದೆ. ಆರು ವರ್ಷದ ಧೂಳಿನ ಕೆಳಗೆ ಅಂಟು ಇನ್ನೂ ತುಸು ಹಿಡಿಯಿತು. ಆ ಮೂವರ ಮುಂದೆ ಹಾಳೆ ಅಂಟಿಕೊಂಡದ್ದು ನನ್ನ ಬೆವರಿಗಲ್ಲ.

ಅವರಿಗೆ ಕಂಡಿತ್ತು. ಕಂಡು, ಜೇಬಿನಿಂದ ಚೀಟಿ ತೆಗೆದು, ಸರಿಯಾದ ಸಾಲಿಗೆ ಸರಿಯಾಗಿ ಟಿಕಳಿ ಹಚ್ಚಿದ್ದರು. ಆಮೇಲೆ ನಾಲ್ಕು ದಿನ ಊಟ ಬಿಟ್ಟು, ಕೊನೆಗೆ ಅದನ್ನು ಕಿತ್ತಿದ್ದರು, ತಮ್ಮದೇ ಕಾಯ್ದೆ ಮುರಿದು. ಚೌಡಾಪುರದ ಬೆಂಚಿನ ಮೇಲೆ ಕೂತು 'ಖರೇನ ಕಾಣ್ಲಿಲ್ಲ' ಎಂದಿದ್ದರು. ನಾನು ಅವರಿಗೆ ಬನ್ನು ತಿನ್ನಿಸಿದ್ದೆ.

'ತಂಗಿ, ನೀ ಹೋಗಬ್ಯಾಡ, ನನಗ ಎರಡು ವರ್ಷ ಬೇಕು' ಎಂದು ಬಾಯಿಬಿಟ್ಟು ಕೇಳಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ದೇವರಾಣೆ ಹೋಗುತ್ತಿರಲಿಲ್ಲ. ಕೇಳಲಿಲ್ಲ. ಕೇಳಿದ್ದರೆ ಅವರು ಸಣ್ಣವರಾಗುತ್ತಿದ್ದರು ಅಂತ ಕಾಣುತ್ತದೆ. ಅದರ ಬದಲು ನನ್ನನ್ನು ಮೂವರ ಮುಂದೆ ಸಣ್ಣವಳನ್ನಾಗಿ ಮಾಡಿದರು. ನನ್ನ ವಿದ್ಯೆಯೆಲ್ಲ ಅವರು ಕೊಟ್ಟದ್ದು, ಅಲ್ಲಗಳೆಯುವುದಿಲ್ಲ. ಇವತ್ತು ಯಾವ ಹುಡುಗಿಯ ಹಾಳೆ ಹಿಡಿದರೂ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ, ಆ ಕಣ್ಣು ಅವರದು. ಅದೇ ಕಣ್ಣಿನಿಂದಲೇ ಈ ಬೂದು ಗುರುತನ್ನೂ ಹಿಡಿದದ್ದು.

ಮೂರು ದಿನ ಲೇಖನ ಹರಿದು ಹಾಕಬೇಕೆಂದು ಓಡಾಡಿದೆ. ಹರಿಯಲಿಲ್ಲ. ಒಂದಕ್ಷರ ತಿದ್ದಲೂ ಇಲ್ಲ. ಪ್ರಿಂಟ್ ತೆಗೆದು, ಅವರ ಮನೆಯವರು ಕೊಟ್ಟ ಚೀಟಿಯಿಂದ ಒಂದು ಟಿಕಳಿ ಕಿತ್ತು, ಕೊನೆಯ ಸಾಲಿನ ಮುಂದೆ ಹಚ್ಚಿ ಆಳಂದಕ್ಕೆ ಕಳಿಸಿದೆ.

ನಿನ್ನೆ ಸಂಪಾದಕನ ಫೋನ್ ಬಂತು.

"ಕಡೀ ಸಾಲಿಗಿ ಟಿಕಳಿ ಹಚ್ಚೀಯಲ್ಲಕ್ಕಾ. ನಾ ಹತ್ತು ಸಲ ಓದಿದೆ. 'ತಪ್ಪು ಕಂಡು ಸುಮ್ಮನಿದ್ದವರಲ್ಲ ನಮ್ಮ ಸರ್.' ಇದ್ರಾಗ ಏನ್ ತಪ್ಪದ?"

"ನೋಡಪ್ಪ, ಸಿಗ್ತದ" ಎಂದೆ.

ಅವನೂ ಅದೇ ಕೋಣೆಯಲ್ಲಿ ಕಲಿತವನು. ದನಿ ತಗ್ಗಿಸಿ, "ಅಚ್ಚಿಗಿ ಕೊಡೂ ಮುಂದ ಟಿಕಳಿ ಕೀಳ್ಲೇನಕ್ಕಾ?" ಎಂದು ಕೇಳಿದ.

"ನಿನಗ ಬರಂಗಿಲ್ಲ" ಎಂದೆ. "ನನಗೂ ಬರಂಗಿಲ್ಲ. ತಪ್ಪು ಮಾಡಿದವರ ಕೀಳಬೇಕು."